ಮೊದಲು ಹುಡುಗನ ರಕ್ತ ಪರೀಕ್ಷೆ

ಕೇಳುಗರಿಗೆ ನಮಸ್ಕಾರ.

ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆ ಥಲಸ್ಸೀಮಿಯಾ. ಅದರ ವಾರ್ಡಿನಲ್ಲಿ ಎಂಟು ವರ್ಷದ ಒಬ್ಬ ಹುಡುಗ ಇದ್ದ. ಸೂಜಿ ಹಿಡಿದು ಬಂದ ನರ್ಸ್‌ಗೆ ಅವನೇ ಹೇಳುತ್ತಿದ್ದ: "ಅಕ್ಕಾ, ಎಡಗೈ ಬೇಡ, ಅಲ್ಲಿ ನರ ಸಿಗಲ್ಲ. ಇಲ್ಲಿ ಚುಚ್ಚಿ." ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಂಡು ಅವನಿಗೆ ತನ್ನ ನರಗಳೆಲ್ಲ ಬಾಯಿಪಾಠ. ಹಾಕಿದ ರಕ್ತದಿಂದ ಮೈಯಲ್ಲಿ ಕಬ್ಬಿಣ ಸೇರುತ್ತಾ ಹೋಗುತ್ತದೆ, ಹೃದಯ, ಲಿವರ್ ಕೆಡುತ್ತವೆ. ಅದನ್ನು ಹೊರಹಾಕಲು ದಿನಾ ಮಾತ್ರೆ ಬೇರೆ.

"ನಮ್ಮ ಎರಡೂ ಮನೇಲಿ ಯಾರಿಗೂ ಇಂಥದ್ದಿಲ್ಲ ಡಾಕ್ಟ್ರೇ" ಅಂದರು ಅವನಮ್ಮ. ನಿಜವೇ. ಕಾಯಿಲೆ ಯಾರಿಗೂ ಇರಲಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರು. ಅಂದರೆ ತಂದೆ ತಾಯಿಯಿಂದ ಒಂದೊಂದರಂತೆ ಬರುವ ಜೋಡಿ ಜೀನಿನಲ್ಲಿ ಒಂದು ಸರಿ, ಇನ್ನೊಂದು ಕೆಟ್ಟದ್ದು. ಒಂದು ಸರಿ ಇದ್ದರೆ ಸಾಕು, ಬದುಕಿಗೇನೂ ತೊಂದರೆಯಿಲ್ಲ. ಎರಡೂ ಕಡೆಯಿಂದ ಕೆಟ್ಟದ್ದೇ ಬಂದ ಮಗುವಿಗೆ ಮಾತ್ರ ಕಾಯಿಲೆ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಅದರ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ ಅಂತ ಲೆಕ್ಕ ಹಾಕುವವರಿದ್ದಾರೆ. ಚೌಕಾಬಾರದ ಕವಡೆಗೆ ಹಿಂದಿನ ಸಲ ಏನು ಬಿತ್ತು ಅನ್ನುವ ನೆನಪಿರುತ್ತದೆಯೇ?

ವಾಹಕರನ್ನು ಪತ್ತೆಮಾಡುವುದು ಕಷ್ಟವಲ್ಲ. ಮಾಮೂಲಿ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಎಂಸಿವಿ ಅಂತ ಒಂದು ಸಾಲಿರುತ್ತದೆ, ಕೆಂಪು ರಕ್ತಕಣದ ಗಾತ್ರ. ಅದು 80ಕ್ಕಿಂತ ಕಡಿಮೆ ಇದ್ದರೆ ಅನುಮಾನಪಡಬೇಕು. ಕಬ್ಬಿಣದ ಕೊರತೆಯಿಂದಲೂ ಹಾಗಾಗುತ್ತದೆ. ಆದ್ದರಿಂದಲೇ ಎಷ್ಟೋ ವಾಹಕರು ಸುಮ್ನೆ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿರುತ್ತಾರೆ. ರಕ್ತದ ಹಿಮೋಗ್ಲೋಬಿನ್ ಬಗೆಗಳನ್ನು ಬೇರೆ ಮಾಡಿ ನೋಡುವ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆ ಮಾಡಿಸಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ ಇನ್ನೊಂದು ಕಾಯಿಲೆ, ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್), ಅದರ ವಾಹಕರೂ ಅದರಲ್ಲೇ ಸಿಗುತ್ತಾರೆ. ಮೈಸೂರು, ಚಾಮರಾಜನಗರದ ಆದಿವಾಸಿ ಹಾಡಿಗಳಲ್ಲಿ ಈ ಎರಡನೆಯದನ್ನು ಮರೆಯುವಂತಿಲ್ಲ. ಇದಕ್ಕಾಗಿ 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಬೇರೆ ಅಭಿಯಾನವನ್ನೇ ಶುರುಮಾಡಿದೆ.

ಈಗ ನನ್ನ ಹಟದ ಮಾತು. ಮದುವೆ ಮಾತು ಬಂದರೆ ಪರೀಕ್ಷೆ ಮೊದಲು ಹುಡುಗನಿಗಾಗಲಿ. ಅವನು ವಾಹಕನಲ್ಲ ಅಂತಾದರೆ ಈ ಕಾಯಿಲೆಗಳ ಮಟ್ಟಿಗೆ ಹುಡುಗಿಯ ರಕ್ತ ತೆಗೆಯುವ ಅಗತ್ಯವೇ ಜಾಸ್ತಿ ಉಳಿಯುವುದಿಲ್ಲ. ನಮ್ಮಲ್ಲಿ ಆಗುವುದು ತಿರುಗಾಮುರುಗಾ. ಹುಡುಗಿಗೆ ಪರೀಕ್ಷೆ, ಅವಳು ವಾಹಕಿ ಅಂತ ಬಂತು ಅನ್ನಿ, ಸಂಬಂಧ ಮುರಿಯಿತು. ಸುದ್ದಿ ಊರೆಲ್ಲ ಹಬ್ಬಿತು, ಅವಳ ತಂಗಿಗೂ ಗಂಡು ಸಿಗಲಿಲ್ಲ. ಆ ಹುಡುಗ ವಾಹಕನಾಗಿರದಿದ್ದರೆ ಅವರ ಒಂದು ಮಗುವಿಗೂ ಥಲಸ್ಸೀಮಿಯಾ ಕಾಯಿಲೆ ಬರುತ್ತಿರಲಿಲ್ಲ! ಅವನನ್ನು ಯಾರೂ ಕೇಳಲೇ ಇಲ್ಲ, ಅಲ್ವಾ?

ಸೋದರಮಾವನಿಗೆ ಕೊಡುವ ಮನೆಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಅಜ್ಜನಲ್ಲಿದ್ದ ಒಂದೇ ಕೆಟ್ಟ ಜೀನು ಮಗನಿಗೂ ಬರಬಹುದು, ಮಗಳ ಮೂಲಕ ಮೊಮ್ಮಗಳಿಗೂ ಬರಬಹುದು. ಆ ಮಾವನಿಗೂ ಸೊಸೆಗೂ ಮದುವೆಯಾದರೆ ಅವೆರಡೂ ಒಂದೇ ತೊಟ್ಟಿಲು ಸೇರಬಹುದು. "ಹೊರಗಿನವರು ಹೇಗೋ ಏನೋ" ಅನ್ನುವ ಭಯಕ್ಕೆ ಒಳಗೇ ಸಂಬಂಧ ಹುಡುಕುತ್ತೇವೆ. ಜೀನಿನ ವಿಷಯದಲ್ಲಿ ಹೊರಗಿನವರೇ ವಾಸಿ.

ಇಬ್ಬರೂ ವಾಹಕರಾಗಿದ್ದು ಮದುವೆಯಾಗಬೇಕು ಅಂತಲೇ ಇದ್ದರೆ? ಆಗಲಿ. ಬಸಿರಾದ 11ನೇ ವಾರದ ಹೊತ್ತಿಗೆ ಮಾಸಿನ (ಪ್ಲಾಸೆಂಟಾ) ಚೂರು ತೆಗೆದು ಮಗುವಿನ ಸ್ಥಿತಿ ನೋಡಬಹುದು. ಕಾನೂನು ಇದಕ್ಕೆ ಅವಕಾಶ ಕೊಡುತ್ತದೆ. ಗಂಡೋ ಹೆಣ್ಣೋ ಅಂತ ಮಾತ್ರ ಹೇಳುವ ಹಾಗಿಲ್ಲ.

ನೂರಾರು ಕಾಯಿಲೆ ಒಟ್ಟಿಗೆ ನೋಡುವ ದುಬಾರಿ ಪ್ಯಾಕೇಜುಗಳ ಜಾಹೀರಾತು ಈಗ ಜಾಸ್ತಿ. ಅವು ಎಲ್ಲರಿಗೂ ಬೇಕಿಲ್ಲ. ಮನೆಯಲ್ಲಿ ಆನುವಂಶಿಕ ಕಾಯಿಲೆಯ ಮಗು ಇದ್ದರೆ ಮೊದಲು ಆ ಮಗುವಿನ ಪರೀಕ್ಷೆಯಾಗಿ ಯಾವ ಜೀನು ಅಂತ ತಿಳಿಯಬೇಕು. ಆಮೇಲೆ ಮನೆಯ ಉಳಿದವರದ್ದು.

ಈ ರಕ್ತ ಪರೀಕ್ಷೆ ನಿಶ್ಚಿತಾರ್ಥಕ್ಕೆ ಮುಂಚೆಯೇ ಆಗಬೇಕು. ಲಗ್ನಪತ್ರಿಕೆ ಅಚ್ಚಾದ ಮೇಲೆ ರಿಪೋರ್ಟು ಓದುವ ಧೈರ್ಯ ಯಾರಿಗೂ ಇರುವುದಿಲ್ಲ. ಈಗಾಗಲೇ ಬಸುರಿಯಾಗಿದ್ದೀರಾ? ಮೊದಲ ತಪಾಸಣೆಯಲ್ಲೇ ಡಾಕ್ಟರನ್ನು ಕೇಳಿ. ನೀವು ವಾಹಕಿ ಅಂತ ಬಂದರೆ ಅದೇ ವಾರ ಯಜಮಾನರನ್ನೂ ಕರೆದುಕೊಂಡು ಬನ್ನಿ, ಮುಂದಿನ ತಿಂಗಳು ಅನ್ನಬೇಡಿ.

ನಮಸ್ಕಾರ.