ಐದು ಊರುಗಳು ‘ನಮ್ಮವರು’ ಎಂದ ಕೋಚ್

ಕೇಳುಗ ಬಂಧುಗಳಿಗೆ ನಮಸ್ಕಾರ.

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ನ್ಯೂಕಾಸಲ್ ಎಂಬ ನಗರವಿದೆ. ಅಲ್ಲಿನ ಫುಟ್ಬಾಲ್ ಕ್ಲಬ್ಬಿನ ಮೈದಾನದ ಹೆಸರು ಸೇಂಟ್ ಜೇಮ್ಸ್ ಪಾರ್ಕ್. 2009ರ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಆ ಮೈದಾನದ ಗ್ಯಾಲರಿಯ ಒಂದು ಬದಿಯಲ್ಲಿ ಕುರ್ಚಿಗಳೇ ಕಾಣದಷ್ಟು ಅಂಗಿಗಳು, ಕೊರಳಿಗೆ ಸುತ್ತುವ ಮಫ್ಲರ್ ಶಾಲುಗಳು, ಹೂವುಗಳು ತುಂಬಿಹೋಗಿದ್ದವು. ನ್ಯೂಕಾಸಲ್‌ನ ಕಪ್ಪು ಬಿಳುಪು ಪಟ್ಟೆಯ ಅಂಗಿಗಳಿದ್ದದ್ದು ಸಹಜ. ಅವುಗಳ ನಡುವೆ ಇಪ್ಸ್‌ವಿಚ್ ಕ್ಲಬ್ಬಿನ ನೀಲಿ ಇತ್ತು, ಬೇರೆ ಬೇರೆ ಊರಿನ ತಂಡಗಳ ಬಣ್ಣಗಳಿದ್ದವು. ಪಕ್ಕದ ಊರು ಸಂಡರ್ಲೆಂಡಿನ ಕೆಂಪು ಬಿಳುಪು ಕೂಡ ಇತ್ತು. ನ್ಯೂಕಾಸಲ್ ಮತ್ತು ಸಂಡರ್ಲೆಂಡ್ ಅಂದರೆ ತಲೆಮಾರುಗಳಿಂದ ಎಣ್ಣೆ ಸೀಗೆಕಾಯಿ. ಪಂದ್ಯದ ದಿನ ಒಬ್ಬರ ಬಣ್ಣ ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಅಂಥ ಕಡೆಯವರು ಎದುರಾಳಿಯ ಮನೆಯೊಳಗೆ ಬಂದು, ತಮ್ಮ ಅಂಗಿ ಇಟ್ಟು, ತಲೆಬಾಗಿ ಹೋದರು.

ಅವರೆಲ್ಲ ಬಂದದ್ದು ಸರ್ ಬಾಬಿ ರಾಬ್ಸನ್ ಅವರಿಗಾಗಿ. ಆ ವರ್ಷದ ಜುಲೈ 31ರಂದು, 76ನೇ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು.

ಇಲ್ಲಿ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ನ್ಯೂಕಾಸಲ್‌ನಲ್ಲಿ ಐದು ವರ್ಷ ಕೋಚ್ ಆಗಿದ್ದ ರಾಬ್ಸನ್ ಆ ಊರಿಗೆ ಒಂದೇ ಒಂದು ಕಪ್ ಕೂಡ ಗೆದ್ದುಕೊಡಲಿಲ್ಲ. ಇಷ್ಟಾದರೂ ಆ ಊರು ಅವರಿಗೆ ತೋರಿದಂಥ ಪ್ರೀತಿಯನ್ನು, ಕಪ್ಪಿನ ಮೇಲೆ ಕಪ್ ಗೆದ್ದ ಎಷ್ಟೋ ಕೋಚುಗಳು ಕಂಡಿಲ್ಲ. ಅಭಿಮಾನಿಗಳು ಗೆಲುವನ್ನಷ್ಟೇ ಪೂಜಿಸುತ್ತಾರೆ, ಸೋತವನನ್ನು ಮರುದಿನವೇ ಮರೆಯುತ್ತಾರೆ ಎಂದು ನಾವು ಸಲೀಸಾಗಿ ಹೇಳುತ್ತೇವೆ. ರಾಬ್ಸನ್ ಅವರ ಬದುಕನ್ನು ನೋಡಿದ ಮೇಲೆ ನನಗೆ ಆ ಮಾತಿನಲ್ಲಿ ನಂಬಿಕೆ ಹೋಗಿದೆ.

ರಾಬ್ಸನ್ ಹುಟ್ಟಿದ್ದು 1933ರ ಫೆಬ್ರವರಿ 18ರಂದು, ಡರ್ಹಮ್ ಸೀಮೆಯ ಸ್ಯಾಕ್ರಿಸ್ಟನ್ ಎಂಬ ಗಣಿಯೂರಿನಲ್ಲಿ. ಬೆಳೆದದ್ದು ಹತ್ತಿರದ ಲ್ಯಾಂಗ್ಲಿ ಪಾರ್ಕ್ ಹಳ್ಳಿಯಲ್ಲಿ. ಐವರು ಗಂಡುಮಕ್ಕಳಲ್ಲಿ ನಾಲ್ಕನೆಯವರು. ತಂದೆ ಫಿಲಿಪ್ ಕಲ್ಲಿದ್ದಲ ಗಣಿ ಕಾರ್ಮಿಕ. ಗಣಿಯೂರಿನ ಬದುಕು ಹೇಗಿರುತ್ತದೆ ಎಂಬುದನ್ನು ನಮ್ಮ ಕೋಲಾರದ ಚಿನ್ನದ ಗಣಿಯ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾಳಿಯ ಪ್ರಕಾರ ಊಟ, ಪಾಳಿಯ ಪ್ರಕಾರ ನಿದ್ದೆ, ಕೆಳಗಿಳಿದ ಮನುಷ್ಯ ಮೇಲೆ ಬರುವ ತನಕ ಮನೆಯವರಿಗೆ ನಿರಾಳವಿಲ್ಲ. ತಮ್ಮ ತಂದೆ 51 ವರ್ಷದ ದುಡಿಮೆಯಲ್ಲಿ ಒಂದೇ ಒಂದು ಪಾಳಿ ತಪ್ಪಿಸಿದ್ದರು ಎಂದು ರಾಬ್ಸನ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಮಗ ಮುಂದೆ ಹೇಗೆ ಬಾಳಿದ ಎಂಬುದಕ್ಕೆ ಬೇರು ಅಲ್ಲೇ ಇದೆ.

ಶನಿವಾರ ಬಂತೆಂದರೆ ಆ ತಂದೆ ಮಕ್ಕಳನ್ನು ಬಸ್ಸಿನಲ್ಲಿ ಸೇಂಟ್ ಜೇಮ್ಸ್ ಪಾರ್ಕಿಗೆ ಕರೆದೊಯ್ಯುತ್ತಿದ್ದರು. ಬಾಗಿಲು ತೆಗೆಯುವ ಮುಂಚೆಯೇ ಸಾಲಿನಲ್ಲಿ ನಿಲ್ಲುವುದು, ನ್ಯೂಕಾಸಲ್ ಆಟಗಾರರಾದ ಜಾಕಿ ಮಿಲ್‌ಬರ್ನ್, ಲೆನ್ ಶಾಕಲ್ಟನ್ ಅವರ ಆಟವನ್ನು ಕಣ್ಣರಳಿಸಿ ನೋಡುವುದು. ಎಂದರೆ, ಅಲ್ಲಿನ ಕೋಚ್ ಆಗುವ ಅರ್ಧ ಶತಮಾನ ಮೊದಲೇ ಅವರು ಆ ಗ್ಯಾಲರಿಯ ಹುಡುಗ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹದಿನೈದಕ್ಕೆ ಶಾಲೆ ಬಿಟ್ಟು ಅದೇ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯಲು ಸೇರಿದರು. 1950ರಲ್ಲಿ ಲಂಡನ್ನಿನ ಫುಲ್ಹಮ್ ಕ್ಲಬ್ ಕರೆಯಿತು. ಆಟವನ್ನು ನಂಬಿ ಕೈಕಸುಬು ಬಿಡಬೇಡ ಎಂದರು ಅಪ್ಪ. ಹಾಗಾಗಿ ಹಗಲು ಲಂಡನ್ನಿನಲ್ಲಿ ವೈರಿಂಗ್ ಕೆಲಸ, ಸಂಜೆ ಫುಟ್ಬಾಲ್ ಅಭ್ಯಾಸ. ಆಟಗಾರನಾಗಿ ಅವರು ಫುಲ್ಹಮ್ ಮತ್ತು ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಪರ ಆಡಿದರು, ಇಂಗ್ಲೆಂಡಿನ ಅಂಗಿಯನ್ನು 20 ಬಾರಿ ತೊಟ್ಟರು. ಒಳ್ಳೆಯ ಆಟಗಾರ. ಆದರೆ ಜನ ಅವರನ್ನು ನೆನೆಯುವುದು ಅದಕ್ಕಲ್ಲ.

ಇಂಗ್ಲೆಂಡಿನಲ್ಲಿ ಕೋಚ್ ಆಗಿ ಮೊದಲ ಅನುಭವ ಕಹಿಯಾಗಿತ್ತು. 1968ರಲ್ಲಿ ಫುಲ್ಹಮ್ ಅವರನ್ನು ಕೆಲಸದಿಂದ ತೆಗೆಯಿತು. ಆ ಸುದ್ದಿ ಅವರಿಗೆ ತಿಳಿದದ್ದು ರೈಲು ನಿಲ್ದಾಣದ ಹೊರಗೆ ಇಟ್ಟಿದ್ದ ಪತ್ರಿಕೆಯ ಫಲಕ ನೋಡಿ. 1969ರ ಜನವರಿಯಲ್ಲಿ ಇಪ್ಸ್‌ವಿಚ್ ಟೌನ್ ಕೈಹಿಡಿಯಿತು.

ಇಪ್ಸ್‌ವಿಚ್ ಸಫೋಕ್ ಸೀಮೆಯ, ಸುತ್ತ ಹೊಲಗದ್ದೆಗಳಿರುವ ಒಂದು ಪಟ್ಟಣ. ದೊಡ್ಡ ದುಡ್ಡಿಲ್ಲ, ದೊಡ್ಡ ಹೆಸರಿನ ಆಟಗಾರರಿಲ್ಲ. ಮೊದಲ ವರ್ಷಗಳಲ್ಲಿ ಫಲಿತಾಂಶವೂ ಅಷ್ಟಕ್ಕಷ್ಟೆ. 1971ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಸೋತ ದಿನ ಗ್ಯಾಲರಿಯಿಂದ ‘ರಾಬ್ಸನ್ ತೊಲಗಲಿ’ ಎಂಬ ಕೂಗು ಎದ್ದಿತು. ಮುಂದಿನ ಆಡಳಿತ ಮಂಡಳಿ ಸಭೆಗೆ, ಕೆಲಸ ಹೋಯಿತು ಎಂದುಕೊಂಡೇ ಹೋದರು ರಾಬ್ಸನ್. ಅಧ್ಯಕ್ಷ ಜಾನ್ ಕಾಬಲ್ಡ್ ಅವರ ಮೊದಲ ಮಾತೇ ಕ್ಷಮೆಯಾಚನೆ. ನಮ್ಮ ಪ್ರೇಕ್ಷಕರು ನಿಮ್ಮೊಡನೆ ಹಾಗೆ ನಡೆದುಕೊಂಡದ್ದಕ್ಕೆ ಕ್ಲಬ್ಬಿನ ಪರವಾಗಿ ಕ್ಷಮಿಸಿ, ಎಂದರಂತೆ. ಈ ಕಥೆಯನ್ನು ಇಪ್ಸ್‌ವಿಚ್ ಮಂದಿ ಇಂದಿಗೂ ಹೇಳುತ್ತಾರೆ. ಅವತ್ತು ಕೂಗಿದ ಊರೇ ಮುಂದೆ ಅವರ ಪ್ರತಿಮೆ ನಿಲ್ಲಿಸಿತು, ಗ್ಯಾಲರಿಗೆ ಅವರ ಹೆಸರಿಟ್ಟಿತು.

ಅದು ಹೇಗಾಯಿತು? ದುಡ್ಡಿನಿಂದಲ್ಲ. ಇಪ್ಸ್‌ವಿಚ್‌ನ ಹದಿಮೂರು ವರ್ಷಗಳಲ್ಲಿ ಅವರು ಬೇರೆ ಕ್ಲಬ್ಬುಗಳಿಂದ ಖರೀದಿಸಿದ್ದು 14 ಆಟಗಾರರನ್ನು ಮಾತ್ರ. ಉಳಿದವರನ್ನು ಹುಡುಗರಾಗಿದ್ದಾಗಲೇ ಹುಡುಕಿ ತಂದು ಬೆಳೆಸಿದರು. ಇಂಗ್ಲೆಂಡಿನ ಕ್ಲಬ್ಬುಗಳು ಸೆಣಸುವ, 1978ರ ಎಫ್‌ಎ ಕಪ್ ಫೈನಲ್‌ನಲ್ಲಿ ಎದುರಿಗೆ ಲಂಡನ್ನಿನ ಬಲಿಷ್ಠ ಆರ್ಸೆನಲ್. ಇಪ್ಸ್‌ವಿಚ್ 1–0 ಅಂತರದಲ್ಲಿ ಗೆದ್ದಿತು. ಗೋಲು ಹೊಡೆದ ರಾಜರ್ ಆಸ್ಬರ್ನ್ ಸಫೋಕ್‌ನದೇ ಹಳ್ಳಿ ಹುಡುಗ. ಗೋಲು ಹೊಡೆದ ಸಂಭ್ರಮಕ್ಕೆ ಅವನಿಗೆ ಕಾಲೂರಲಾಗದೆ ಬದಲಿ ಆಟಗಾರನನ್ನು ಇಳಿಸಬೇಕಾಯಿತು! 1981ರಲ್ಲಿ ನೆದರ್ಲೆಂಡ್ಸಿನ ಎಜ಼ಡ್ ಆಲ್ಕ್ಮಾರ್ ತಂಡವನ್ನು ಮಣಿಸಿ ಯುರೋಪಿನ ಕ್ಲಬ್ಬುಗಳ ಯುಇಎಫ್‌ಎ ಕಪ್ ಕೂಡ ಬಂತು. ದೊಡ್ಡ ಕ್ಲಬ್ಬುಗಳು ಕರೆದಾಗಲೂ ಅವರು ಇಪ್ಸ್‌ವಿಚ್ ಬಿಡಲಿಲ್ಲ. ಕೊನೆಗೆ ಬಿಟ್ಟದ್ದು 1982ರಲ್ಲಿ, ದೇಶದ ತಂಡ ಕರೆದಾಗ.

ಇಂಗ್ಲೆಂಡ್ ತಂಡದ ಎಂಟು ವರ್ಷಗಳಲ್ಲಿ ಪತ್ರಿಕೆಗಳು ಅವರನ್ನು ಕಾಡಿದ ರೀತಿ ಓದಿದರೆ ಇಂದಿಗೂ ಸಿಟ್ಟು ಬರುತ್ತದೆ. ದೇವರಾಣೆ, ತೊಲಗಿ ಎಂಬರ್ಥದ ತಲೆಬರಹಗಳು ಬಂದವು. 1986ರಲ್ಲಿ ಅರ್ಜೆಂಟೀನಾದ ಮರಡೋನಾ ಕೈಯಿಂದ ಹೊಡೆದ ಗೋಲು ಅವರ ತಂಡದ ವಿಶ್ವಕಪ್ ಕನಸನ್ನು ಕಸಿದುಕೊಂಡಿತು. 1990ರ ಜುಲೈ 4ರಂದು ಇಟಲಿಯ ಟ್ಯೂರಿನ್‌ನಲ್ಲಿ ಪಶ್ಚಿಮ ಜರ್ಮನಿ ವಿರುದ್ಧ ಸೆಮಿಫೈನಲ್. ನಮ್ಮಲ್ಲಿ ಆಗ ದೂರದರ್ಶನದ ಕಾಲ; ಕರ್ನಾಟಕದ ಎಷ್ಟೋ ಮನೆಗಳಲ್ಲಿ ನಡುರಾತ್ರಿ ದೀಪ ಉರಿಯುತ್ತಿದ್ದ ವಿಶ್ವಕಪ್ ಅದು. 1–1ರ ಸಮಬಲ, ಬಳಿಕ ಪೆನಾಲ್ಟಿಯಲ್ಲಿ ಸೋಲು. ಆ ಪಂದ್ಯದಲ್ಲಿ ಎಚ್ಚರಿಕೆಯ ಹಳದಿ ಚೀಟಿ ಪಡೆದು, ಫೈನಲ್ ತಲುಪಿದರೂ ಆಡುವಂತಿಲ್ಲ ಎಂದು ತಿಳಿದು ಕಣ್ಣೀರಿಟ್ಟ ಪಾಲ್ ಗ್ಯಾಸ್ಕೋಯಿನ್ ಚಿತ್ರ ಜಗತ್ತೆಲ್ಲ ಹರಡಿತು. ಆ ಹುಡುಗ ನ್ಯೂಕಾಸಲ್ ಕಡೆಯವನೇ. ಅವನಿಗೆ ತಂದೆಯಂತೆ ಧೈರ್ಯ ಹೇಳಿದವರು ರಾಬ್ಸನ್. ತಂಡ ಮನೆಗೆ ಮರಳಿದಾಗ ಲ್ಯೂಟನ್ ವಿಮಾನ ನಿಲ್ದಾಣದಿಂದಾಚೆಗೆ ಜನಸಾಗರವೇ ಸೇರಿತ್ತು. ಪತ್ರಿಕೆಗಳು ಏನೇ ಬರೆದಿರಲಿ, ಜನ ತಮ್ಮ ತೀರ್ಮಾನವನ್ನು ತಾವೇ ಮಾಡಿದ್ದರು.

ಅಷ್ಟು ಹೊತ್ತಿಗೆ 57 ವರ್ಷ. ಇನ್ನು ಸಾಕು ಎಂದು ಕೂರಬಹುದಿತ್ತು. ಅವರು ಪೆಟ್ಟಿಗೆ ಕಟ್ಟಿಕೊಂಡು ಹೊರದೇಶಕ್ಕೆ ಹೊರಟರು. ನೆದರ್ಲೆಂಡ್ಸಿನ ಪಿಎಸ್‌ವಿ ಐಂಡ್‌ಹೋವೆನ್‌ಗೆ ಎರಡು ಲೀಗ್ ಪಟ್ಟ, ಪೋರ್ಚುಗಲ್ಲಿನ ಪೋರ್ಟೊಗೆ ಎರಡು ಲೀಗ್ ಪಟ್ಟ. ನಡುವೆ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ ಅವರನ್ನು ತೆಗೆದುಹಾಕಿದ್ದೂ ಉಂಟು, ಅದೂ ತಂಡ ಲೀಗಿನಲ್ಲಿ ಮೇಲಿದ್ದಾಗ. ಅಲ್ಲಿ ಅವರಿಗೆ ದುಭಾಷಿಯಾಗಿದ್ದ ಯುವಕನೇ ಮುಂದೆ ಜಗತ್ತಿನ ಹೆಸರಾಂತ ಕೋಚ್ ಆದ ಜೋಸೆ ಮೊರಿನ್ಯೊ. ಅವನನ್ನು ಪೋರ್ಟೊಗೂ ಬಾರ್ಸಿಲೋನಾಗೂ ಜೊತೆಗೆ ಕರೆದೊಯ್ದು ಆಟದ ಒಳಗುಟ್ಟುಗಳನ್ನು ಕಲಿಸಿದರು. ಪೋರ್ಟೊದಲ್ಲಿ ಅವರಿದ್ದ ಕಟ್ಟಡದಲ್ಲೇ ವಾಸವಿದ್ದ ಒಬ್ಬ ಹದಿಹರೆಯದ ಹುಡುಗ, ಆಟಗಾರ ಡೊಮಿಂಗೋಸ್‌ಗೆ ಯಾಕೆ ಹೆಚ್ಚು ಅವಕಾಶ ಕೊಡುತ್ತಿಲ್ಲ ಎಂದು ಚೀಟಿ ಬರೆದು ಕೊಟ್ಟ. ದೊಡ್ಡ ಕೋಚ್ ಒಬ್ಬರು ನಕ್ಕು ಸುಮ್ಮನಾಗಬಹುದಿತ್ತು. ರಾಬ್ಸನ್ ಅವನನ್ನು ಅಭ್ಯಾಸ ನೋಡಲು ಬರಹೇಳಿ, ತರಬೇತಿಯ ದಾರಿಗೆ ಹಚ್ಚಿದರು. ಆ ಹುಡುಗ ಆಂದ್ರೆ ವಿಯಾಸ್ ಬೋಅಸ್, 2011ರಲ್ಲಿ ಕೋಚ್ ಆಗಿ ಪೋರ್ಟೊಗೆ ಯುರೋಪಾ ಲೀಗ್ ಗೆದ್ದುಕೊಟ್ಟ. ಅಭಿಮಾನಿಯ ಮಾತಿಗೆ ಕಿವಿಗೊಡುವುದು ರಾಬ್ಸನ್ ಅವರ ಸ್ವಭಾವ. ತಾನೂ ಒಬ್ಬ ಅಭಿಮಾನಿಯೇ ಎಂಬುದನ್ನು ಅವರು ಎಂದೂ ಮರೆತಿರಲಿಲ್ಲ.

ಇದರ ನಡುವೆಯೇ ಕಾಯಿಲೆ. 1992ರಲ್ಲಿ ಕರುಳಿನ ಕ್ಯಾನ್ಸರ್. 1995ರಲ್ಲಿ ಮುಖದ ಒಳಭಾಗದಲ್ಲಿ ಗಡ್ಡೆ. ಮೇಲ್ದವಡೆಯ ಭಾಗವನ್ನು ತೆಗೆದು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಮತ್ತೆ ಮೈದಾನಕ್ಕೆ ಇಳಿಯುವುದು ಅನುಮಾನ ಎಂದವರೇ ಹೆಚ್ಚು. ಕೆಲವೇ ತಿಂಗಳಲ್ಲಿ ಪೋರ್ಟೊದ ಅಭ್ಯಾಸದ ಮೈದಾನದಲ್ಲಿ ಅವರ ಸೀಟಿ ಕೇಳಿಸಿತು, 1996ರಲ್ಲಿ ಲೀಗ್ ಪಟ್ಟವೂ ಬಂತು. ಅದೇ ವರ್ಷ ಸ್ಪೇನಿನ ಬಾರ್ಸಿಲೋನಾ. ಬ್ರೆಜಿಲ್ಲಿನ ರೊನಾಲ್ಡೊನನ್ನು ತರಿಸಿಕೊಂಡರು. ಆ ಒಂದೇ ಋತುವಿನಲ್ಲಿ ರೊನಾಲ್ಡೊ 47 ಗೋಲು ಹೊಡೆದ. ಯುರೋಪಿನ ಕಪ್ ವಿನ್ನರ್ಸ್ ಕಪ್, ಸ್ಪೇನಿನ ರಾಜನ ಕಪ್, ಎರಡೂ ಬಂದವು. ಆದರೂ ಒಂದೇ ವರ್ಷಕ್ಕೆ ಅವರ ಜಾಗಕ್ಕೆ ಬೇರೆಯವರು ಬಂದರು.

1999ರ ಸೆಪ್ಟೆಂಬರ್‌ನಲ್ಲಿ, 66ನೇ ವಯಸ್ಸಿನಲ್ಲಿ, ಅಪ್ಪನ ಕೈಹಿಡಿದು ಹೋಗುತ್ತಿದ್ದ ಆ ಮೈದಾನಕ್ಕೆ ಕೋಚ್ ಆಗಿ ಬಂದರು. ಆ ಋತುವಿನ ಮೊದಲ ಏಳು ಪಂದ್ಯಗಳಿಂದ ನ್ಯೂಕಾಸಲ್‌ಗೆ ದಕ್ಕಿದ್ದದ್ದು ಒಂದೇ ಅಂಕ. ತವರಿನಲ್ಲಿ ರಾಬ್ಸನ್ ಅವರ ಮೊದಲ ಲೀಗ್ ಪಂದ್ಯ ಶೆಫೀಲ್ಡ್ ವೆನ್ಸ್‌ಡೇ ವಿರುದ್ಧ. ಫಲಿತಾಂಶ 8–0! ಅದರಲ್ಲಿ ಐದು ಗೋಲು ಅಲನ್ ಶಿಯರರ್‌ನವು. ಊರು ಕುಣಿಯಿತು. ಬೀಳುವ ತಂಡವನ್ನು ಎತ್ತಿ ನಿಲ್ಲಿಸಿ, 2002ರಲ್ಲಿ ಲೀಗಿನ ನಾಲ್ಕನೇ ಸ್ಥಾನಕ್ಕೆ, 2003ರಲ್ಲಿ ಮೂರನೇ ಸ್ಥಾನಕ್ಕೆ ಒಯ್ದರು. ಎಪ್ಪತ್ತರ ವಯಸ್ಸಿನಲ್ಲೂ ಬೆಳಗ್ಗೆ ಟ್ರ್ಯಾಕ್‌ಸೂಟ್ ತೊಟ್ಟು ಅಭ್ಯಾಸದ ಮೈದಾನದಲ್ಲಿ ಹಾಜರು. ಆಟಗಾರರ ಹೆಸರು ಅದಲುಬದಲಾಗುತ್ತಿತ್ತು, ನಿಜ. ಇಂಗ್ಲೆಂಡಿನ ನಾಯಕ ಬ್ರಯಾನ್ ರಾಬ್ಸನ್‌ನನ್ನೇ ಒಮ್ಮೆ ‘ಬಾಬಿ’ ಎಂದು ಕೂಗಿ, ‘ಬಾಬಿ ನೀವು, ನಾನು ಬ್ರಯಾನ್’ ಎಂದು ಹೇಳಿಸಿಕೊಂಡರಂತೆ. ಆಟಗಾರರೂ ಅಭಿಮಾನಿಗಳೂ ಈ ಮಾತನ್ನು ಮನೆಯ ಹಿರಿಯರ ಬಗ್ಗೆ ಹೇಳುವಷ್ಟೇ ಅಕ್ಕರೆಯಿಂದ ಹೇಳಿಕೊಳ್ಳುತ್ತಾರೆ.

2004ರ ಆಗಸ್ಟ್ 30ರಂದು ಕ್ಲಬ್ ಅವರನ್ನು ತೆಗೆಯಿತು. ಹಿಂದಿನ ಋತುವಿನಲ್ಲಿ ಐದನೇ ಸ್ಥಾನ ಪಡೆದಿದ್ದ ತಂಡಕ್ಕೆ ಹೊಸ ಋತುವಿನ ನಾಲ್ಕೇ ಪಂದ್ಯ ಮುಗಿದಿದ್ದವು. ಅದು ತಪ್ಪು ತೀರ್ಮಾನ ಎಂದೇ ನಾನು ಹೇಳುತ್ತೇನೆ. ನಂತರದ ಎಷ್ಟೋ ವರ್ಷ ಆ ಕ್ಲಬ್ ಅಂಥ ಎತ್ತರ ಕಾಣಲಿಲ್ಲ. ಕೆಲಸ ಕಳೆದುಕೊಂಡರೂ ಆ ಊರನ್ನು, ಆ ತಂಡವನ್ನು ಅವರು ದೂರ ಮಾಡಲಿಲ್ಲ. 2005ರಲ್ಲಿ ನ್ಯೂಕಾಸಲ್ ನಗರ ತನ್ನ ಗೌರವ ಪೌರತ್ವ ಕೊಟ್ಟು ಅವರನ್ನು ಬರಮಾಡಿಕೊಂಡಿತು.

2006ರಲ್ಲಿ ಶ್ವಾಸಕೋಶ ಮತ್ತು ಮಿದುಳಿನಲ್ಲಿ ಗಡ್ಡೆ ಕಾಣಿಸಿಕೊಂಡಿತು, ದೇಹದ ಎಡಭಾಗ ಸ್ವಾಧೀನ ತಪ್ಪಿತು. 2007ರಲ್ಲಿ ಐದನೇ ಬಾರಿ ಕ್ಯಾನ್ಸರ್. ಈ ಸಲ ವಾಸಿಯಾಗುವಂಥದ್ದಲ್ಲ ಎಂದು ವೈದ್ಯರು ಹೇಳಿದರು. ಆಗ ಅವರು ಮಾಡಿದ ಕೆಲಸವೇ ನನ್ನ ಪಾಲಿಗೆ ಅವರ ಎಲ್ಲ ಕಪ್ಪುಗಳಿಗಿಂತ ದೊಡ್ಡದು. 2008ರ ಮಾರ್ಚ್‌ನಲ್ಲಿ, ಪತ್ನಿ ಎಲ್ಸಿ ಅವರ ಜೊತೆಗೂಡಿ ಸರ್ ಬಾಬಿ ರಾಬ್ಸನ್ ಪ್ರತಿಷ್ಠಾನ ಸ್ಥಾಪಿಸಿದರು. ನ್ಯೂಕಾಸಲ್‌ನ ಫ್ರೀಮನ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಔಷಧಗಳ ಪ್ರಯೋಗ ಕೇಂದ್ರಕ್ಕೆ ಸಲಕರಣೆ ಒದಗಿಸಲು ಐದು ಲಕ್ಷ ಪೌಂಡ್ ಬೇಕಿತ್ತು. ಎರಡು ತಿಂಗಳೊಳಗೆ ಹಣ ಕೂಡಿತು. ಕೊಟ್ಟವರಲ್ಲಿ ಬಹುಪಾಲು ಗ್ಯಾಲರಿಯ ಜನ. ಓಟದ ಸ್ಪರ್ಧೆಗಳಲ್ಲಿ ಓಡಿ ದೇಣಿಗೆ ಎತ್ತಿದರು, ಕೈಯಲ್ಲಿದ್ದದ್ದು ಕೊಟ್ಟರು. ಒಂದು ಕಾಲದಲ್ಲಿ ಅವರ ತಂಡದ ವಿರುದ್ಧ ಗಂಟಲು ಹರಿಯುವಂತೆ ಕೂಗಿದ್ದವರೂ ಕೊಟ್ಟರು.

2009ರ ಜುಲೈ 26ರಂದು ಈ ಪ್ರತಿಷ್ಠಾನದ ಸಹಾಯಾರ್ಥ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಪಂದ್ಯ ನಡೆಯಿತು. 1990ರ ಆ ಸೆಮಿಫೈನಲ್‌ನ ಇಂಗ್ಲೆಂಡ್, ಜರ್ಮನಿ ಆಟಗಾರರೇ ಅನೇಕರು ಮತ್ತೆ ಬೂಟು ಕಟ್ಟಿದರು, ಗ್ಯಾಸ್ಕೋಯಿನ್ ಕೂಡ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಗಾಲಿಕುರ್ಚಿಯಲ್ಲಿ ಬಂದ ರಾಬ್ಸನ್ ಎರಡೂ ತಂಡದ ಆಟಗಾರರ ಕೈಕುಲುಕಿದರು. ಇಂಗ್ಲೆಂಡ್ 3–2ರಿಂದ ಗೆದ್ದಿತು. ಅದಾಗಿ ಐದು ದಿನಕ್ಕೆ ಅವರು ಹೋದರು.

ಅವರ ನಂತರವೂ ಆ ಕೆಲಸ ನಿಂತಿಲ್ಲ. ಪ್ರತಿಷ್ಠಾನಕ್ಕೆ ಸಂದ ದೇಣಿಗೆ ಒಂದು ಕೋಟಿ ಪೌಂಡ್ ದಾಟಿ ಮುಂದೆ ಹೋಗಿದೆ. ಫ್ರೀಮನ್ ಆಸ್ಪತ್ರೆಯ ಆ ಕೇಂದ್ರಕ್ಕೆ, ಬೇರೆ ಚಿಕಿತ್ಸೆ ಫಲಿಸದ ರೋಗಿಗಳು ಹೊಸ ಔಷಧಗಳ ಆರಂಭದ ಹಂತದ ಪ್ರಯೋಗಗಳಿಗಾಗಿ ಬರುತ್ತಾರೆ. ನ್ಯೂಕಾಸಲ್‌ನವರೂ ಬರುತ್ತಾರೆ, ಸಂಡರ್ಲೆಂಡಿನವರೂ ಬರುತ್ತಾರೆ.

ನಮಸ್ಕಾರ.