ಸೆರಗಿನ ತುದಿ

ಕೇಳುಗರಿಗೆ ನಮಸ್ಕಾರ.

ನಮ್ಮ ನಡುಮನೆಯ ತೆಂಕಣ ಗೋಡೆಯ ಮೇಲೆ ಅಮ್ಮನ ಪಟವಿದೆ. ಗಾಜಿನ ಮೇಲೆ ಕುಂಕುಮದ ಬೊಟ್ಟು, ಚೌಕಟ್ಟಿಗೆ ಗಂಧದ ಚಕ್ಕೆಯ ಹಾರ, ಮುಂದೆ ಪುಟ್ಟದೊಂದು ಕೆಂಪು ಬಲ್ಬು. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇಂಥದೊಂದು ಪಟ ಇದ್ದೀತು.

ಅಮ್ಮ ತೀರಿಕೊಂಡದ್ದು 1974ರಲ್ಲಿ. ಆಗ ನನಗೆ ಆರು ವರ್ಷ. ಅವಳ ಮುಖ ನನಗೆ ನೆನಪಿಲ್ಲ. ನೆನಪು ಎಂದು ನಾನು ಅಂದುಕೊಂಡಿರುವುದೆಲ್ಲ ಈ ಪಟದ ಮುಖವೇ. ಅದರಲ್ಲಿ ಅಮ್ಮ ಎದುರಿಗೆ ನೋಡುತ್ತಿಲ್ಲ, ತಲೆ ತುಸು ತಗ್ಗಿಸಿದ್ದಾಳೆ. ‘ನಿನ್ನ ಅಮ್ಮನಿಗೆ ನಾಚಿಕೆ ಬಹಳ’ ಎಂದು ಮನೆಯವರು ಹೇಳುತ್ತಿದ್ದರು. ನಾನೂ ಐವತ್ತು ವರ್ಷ ಹಾಗೆಯೇ ನಂಬಿದ್ದೆ.

ಅವಳು ಹೋದ ಮೇಲೆ ಹುಡುಕಿದಾಗ ಒಂಟಿಯಾಗಿ ತೆಗೆಸಿಕೊಂಡ ಫೋಟೊ ಒಂದೂ ಸಿಗಲಿಲ್ಲವಂತೆ. ಆ ಕಾಲದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಯ ಪಾಡು ಅದೇ. ಮದುವೆಯ ಗ್ರೂಪ್ ಫೋಟೊದ ಮೂಲೆಯಲ್ಲಿ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪ ಅಂಥದೊಂದು ಗ್ರೂಪ್ ಫೋಟೊ ಹಿಡಿದು ಸ್ಟುಡಿಯೋಗೆ ಹೋದರು. ಸ್ಟುಡಿಯೋದವರು ಅಮ್ಮನನ್ನು ಮಾತ್ರ ಆರಿಸಿ ದೊಡ್ಡದು ಮಾಡಿ, ಕುಂಚದಿಂದ ಸೀರೆಯ ಮಡಿಕೆ ತೀಡಿ, ಕಿವಿಯ ಓಲೆಗೆ ಬಿಳಿಚುಕ್ಕೆ ಇಟ್ಟು, ಸುತ್ತಲಿನವರನ್ನೆಲ್ಲ ಬೂದುಬಣ್ಣದಲ್ಲಿ ಮುಚ್ಚಿ ಕೊಟ್ಟರು.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಹತ್ತಿರ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರ ಟ್ರಂಕಿನಲ್ಲಿ, ಹಳೆಯ ಪಂಚಾಂಗಗಳ ನಡುವೆ, ಆ ಗ್ರೂಪ್ ಫೋಟೊದ ಇನ್ನೊಂದು ಪ್ರತಿ ಸಿಕ್ಕಿತು. 1971ರ ಮದುವೆ. ಮಲೆನಾಡಿನ ಶೀತಕ್ಕೆ ಒಂದು ಅಂಚಿನಲ್ಲಿ ಬೂಷ್ಟು ಹಿಡಿದಿತ್ತು. ಎರಡನೆಯ ಸಾಲಿನ ಕೊನೆಯಲ್ಲಿ ಅಮ್ಮ ನಿಂತಿದ್ದಳು. ಅವಳ ಮೊಣಕಾಲಿನ ಹತ್ತಿರ ಮೂರು ವರ್ಷದ ಒಂದು ಮಗು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತಿದೆ. ಕ್ಯಾಮೆರಾ ಕಣ್ಣು ತೆರೆದಾಗ ಮಗು ಅಲುಗಾಡಿದ್ದರಿಂದ ಮುಖವೆಲ್ಲ ಕಲಸಿಹೋಗಿದೆ. ಮುಷ್ಟಿ ಮಾತ್ರ ಸ್ಪಷ್ಟವಾಗಿದೆ. ಅಮ್ಮ ಆ ಮಗುವನ್ನು ನೋಡುತ್ತಿದ್ದಾಳೆ.

‘ಅದು ನೀನೇ’ ಎಂದರು ದೊಡ್ಡಮ್ಮ.

ಅಮ್ಮ ತಲೆ ತಗ್ಗಿಸಿದ್ದು ನಾಚಿಕೆಯಿಂದಲ್ಲ. ಆ ಕ್ಷಣದಲ್ಲಿ ಅವಳು ನನ್ನನ್ನು ನೋಡುತ್ತಿದ್ದಳು. ಪಟ ಚೆನ್ನಾಗಿ ಕಾಣಲೆಂದು ಮುಚ್ಚಿದ ಜಾಗದಲ್ಲಿ ನಾನಿದ್ದೆ.

ಅಂದಿನಿಂದ ಫೋಟೊ ಎಂದರೇನು ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಗೇರ್ ಅವರ ಫೋಟೊ ತೆಗೆಯುವ ವಿಧಾನ ಪ್ರಕಟವಾದಾಗ ಚಿತ್ರ ಮೂಡುತ್ತಿದ್ದುದು ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ. ಅದಕ್ಕೆ ನಕಲು ಇರಲಿಲ್ಲ, ಕಳೆದರೆ ಕಳೆದಂತೆಯೇ. ಇಂಗ್ಲೆಂಡಿನ ಟಾಲ್ಬಟ್ ನೆಗೆಟಿವ್ ದಾರಿ ಹಿಡಿದಿದ್ದರಿಂದ ಒಂದು ಚಿತ್ರ ಹತ್ತು ಮನೆ ಸೇರುವಂತಾಯಿತು. ಅಪ್ಪನ ಕೈಯಲ್ಲಿ ಕಳೆದುಹೋದದ್ದು ದೊಡ್ಡಮ್ಮನ ಟ್ರಂಕಿನಲ್ಲಿ ಉಳಿದದ್ದು ಆ ಕಾರಣದಿಂದ. ಬೆಳಕು ಬಿದ್ದ ಕಡೆ ಕಾಗದಕ್ಕೆ ಲೇಪಿಸಿದ ಬೆಳ್ಳಿಯ ಲವಣ ಡೆವಲಪರ್ ಎಂಬ ದ್ರಾವಣದಲ್ಲಿ ಕಪ್ಪು ಬೆಳ್ಳಿಯಾಗುತ್ತದೆ, ಬೆಳಕು ಬೀಳದೆ ಉಳಿದದ್ದನ್ನು ಹೈಪೋ ಎಂಬ ಇನ್ನೊಂದು ದ್ರಾವಣ ಕರಗಿಸುತ್ತದೆ. ಹೈಪೋಗೆ ಆ ಗುಣವಿದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲಿಯೇ ಕಂಡುಕೊಂಡಿದ್ದರು. ಆ ದ್ರಾವಣವಿಲ್ಲದಿದ್ದರೆ ಚಿತ್ರವೆಲ್ಲ ಬೆಳಕಿಗೇ ಕಪ್ಪಾಗಿ ಹೋಗುತ್ತಿತ್ತು. ಕಪ್ಪುಬಿಳುಪಿನ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲವಾದ್ದರಿಂದ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅಮ್ಮನ ಮುಖ ಕಾಗದದ ಮೇಲೆ ಮೊದಲು ತೇಲಿ ಬಂದದ್ದೂ ಅಂಥ ಕೆಂಪು ದೀಪದ ಕೆಳಗೇ ಇರಬೇಕು. ಈಗ ಸಂಜೆ ಪಟದ ಮುಂದಿನ ಬಲ್ಬು ಹೊತ್ತಿಸುವಾಗ ಅದು ನೆನಪಾಗುತ್ತದೆ.

ನಿಮ್ಮಲ್ಲಿ ಒಂದು ಕೋರಿಕೆ. ಅಗಲಿದವರ ಮುಖವನ್ನಷ್ಟೇ ದೊಡ್ಡದು ಮಾಡಿಸಿ ಮೂಲ ಫೋಟೊವನ್ನು ಎಸೆಯಬೇಡಿ. ಅವರ ಪಕ್ಕದಲ್ಲಿದ್ದವರು, ಕಾಲ ಬಳಿಯ ಚಾಪೆ, ಹಿಂದಿನ ಕಿಟಕಿ, ಅರ್ಧ ಕಾಣುವ ಕೈ, ಎಲ್ಲವೂ ಇರಲಿ. ಗಾಜಿಗೆ ನೇರವಾಗಿ ಒತ್ತಿ ಚೌಕಟ್ಟು ಹಾಕಿಸಬೇಡಿ. ತೇವಕ್ಕೆ ಫೋಟೊ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ. ಮೊಬೈಲಿನಲ್ಲಿ ಸಾವಿರ ಚಿತ್ರವಿದ್ದರೂ ಬೇಕಾದ ಹತ್ತನ್ನಾದರೂ ಕಾಗದಕ್ಕೆ ಇಳಿಸಿ. ಮುಖ್ಯವಾಗಿ, ಗುರುತು ಹೇಳುವವರು ಬದುಕಿರುವಾಗಲೇ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು ಬರೆಯಿರಿ. ಬಾಲ್ ಪೆನ್ ಬೇಡ, ಅದರ ಗೆರೆ ಮುಂಬದಿಗೆ ಉಬ್ಬುತ್ತದೆ.

ಅಂದು ಜಗಲಿಯಲ್ಲಿ ಕುಳಿತು ದೊಡ್ಡಮ್ಮ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಹೇಳುತ್ತ ಹೋದರು, ನಾನು ಬರೆದುಕೊಂಡೆ. ಮೂವತ್ತೆರಡು ಮಂದಿ. ಕೆಲವರ ಮೇಲೆ ಅವರ ಬೆರಳು ಬಹಳ ಹೊತ್ತು ನಿಲ್ಲುತ್ತಿತ್ತು. ಐದು ಮಂದಿಯ ಗುರುತು ಹತ್ತಲಿಲ್ಲ.

ಮೊನ್ನೆ ರಾತ್ರಿ ಅವರಿಂದ ಫೋನ್ ಬಂತು. ‘ಹಿಂದಿನ ಸಾಲಿನ ಎಡತುದಿ, ರುಮಾಲಿನವರು ನೆನಪಾದರು. ವಾಲಗ ಊದಲು ಬಂದಿದ್ದವರು. ಬರೆದುಕೋ’ ಎಂದರು. ಬರೆದುಕೊಂಡೆ. ಇನ್ನು ನಾಲ್ವರು ಉಳಿದಿದ್ದಾರೆ.

ನಮಸ್ಕಾರ.