ಮೊದಲು ಬಣ್ಣ ಇಳಿಸಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಹೋದ ಬೇಸಿಗೆಯಲ್ಲಿ ಆಳಂದದ ಕಡೆಯ ತಾಯಿಯೊಬ್ಬರು 21 ಇಂಚಿನ ಹಳೆಯ ಕಲರ್ ಟಿವಿಯನ್ನು ಟಂಟಂನಲ್ಲಿ ಹೇರಿಕೊಂಡು ಕಲಬುರಗಿಯ ನನ್ನ ಅಂಗಡಿಗೆ ಬಂದರು. ‘ತಮ್ಮಾ, ಮಗಳ ಲಗ್ನದ ಕ್ಯಾಸೆಟ್ ಹಾಕಿದ್ರ ಬಲಗಡಿ ಕುಂತ ಬೀಗರ ಮಾರಿ ಎಲ್ಲಾ ಹಸಿರು ಕಾಣ್ತದ. ಟ್ಯೂಬೇ ಹೋಗ್ಯಾದ, ಗುಜರಿಗಿ ಹಾಕು ಅಂತ ಒಬ್ಬಾಂವ ಹೇಳ್ಯಾನ’ ಅಂದರು. ಟ್ಯೂಬ್ ಹೋಗಿರಲಿಲ್ಲ. ಚಿತ್ರವನ್ನು ಸರಿಯಾಗಿ ನೋಡದೆಯೇ ಆ ಮಾತು ಹೇಳಿದ್ದರು. ಪಿಕ್ಚರ್ ಟ್ಯೂಬಿನ ಟಿವಿಗಳು ಹೀಗೆ ಸುಮ್ಮನೆ ಗುಜರಿ ಸೇರುವುದು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೊಸ ಟ್ಯೂಬ್ ಈಗ ಸಿಗುವುದಿಲ್ಲ, ಹೋದದ್ದು ಹೋದಂತೆಯೇ.

ಚಿತ್ರದಲ್ಲಿ ಬಣ್ಣ ಕೆಟ್ಟಿದ್ದರೆ ನಾನು ಮಾಡುವ ಮೊದಲ ಕೆಲಸ ಕಲರ್ ಕಂಟ್ರೋಲನ್ನು ಪೂರ್ತಿ ಸೊನ್ನೆಗೆ ಇಳಿಸುವುದು. ಇದಕ್ಕೆ ಡಬ್ಬಿ ಬಿಚ್ಚಬೇಕಾಗಿಲ್ಲ, ರಿಮೋಟ್ ಸಾಕು. ಆಗ ಚಿತ್ರ ಅಚ್ಚ ಕಪ್ಪು-ಬಿಳುಪು ಆಯಿತೋ, ಟ್ಯೂಬೂ ಅದರ ಹಿಂದಿನ ಸಣ್ಣ ಬೋರ್ಡೂ ಗಟ್ಟಿಯಾಗಿವೆ. ತೊಂದರೆ ಬಣ್ಣ ಬಿಡಿಸುವ ಡಿಕೋಡರ್ ಭಾಗದಲ್ಲಿದೆ. ಬಣ್ಣ ಇಳಿಸಿದರೂ ಚಿತ್ರಕ್ಕೆ ಹಳದಿಯೋ ಕೆಂಪೋ ಛಾಯೆ ಉಳಿದರೆ ಡಿಕೋಡರಿನ ತಂಟೆಗೆ ಹೋಗಬೇಡಿ. ಈ ಒಂದು ಪರೀಕ್ಷೆ ಮಾಡದೆ ಐಸಿ ಬದಲಿಸುತ್ತ ಕೂತವರನ್ನು ನಾನು ಬಹಳ ನೋಡಿದ್ದೇನೆ.

ಛಾಯೆ ಉಳಿಯಿತು ಅನ್ನಿ. ಈಗ ಚಿತ್ರದಲ್ಲಿ ಬಿಳಿ ಅಂಗಿ ತೊಟ್ಟವರನ್ನು ಹುಡುಕಿ. ಟ್ಯೂಬಿನಲ್ಲಿ ಕೆಂಪು, ಹಸಿರು, ನೀಲಿಗೆ ಎಲೆಕ್ಟ್ರಾನ್ ಕಿರಣ ಬಿಡುವ ಒಂದೊಂದು ಗನ್ ಇರುತ್ತದೆ, ಮೂರೂ ಕೂಡಿದರೆ ಬಿಳಿ. ಅಂಗಿ ಹಳದಿ ಕಂಡರೆ ನೀಲಿ ಬರುತ್ತಿಲ್ಲ. ನೇರಳೆ ಮಿಶ್ರಿತ ಗುಲಾಬಿ ಕಂಡರೆ ಹಸಿರು ಬರುತ್ತಿಲ್ಲ. ಹಸಿರುನೀಲಿ ಕಂಡರೆ ಕೆಂಪು ಬರುತ್ತಿಲ್ಲ. ಮೆಕ್ಯಾನಿಕ್ ಗೆಳೆಯರು ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸಿದ ಬೋರ್ಡಿನಲ್ಲಿ ಮೂರೂ ಗನ್ನುಗಳ ಕ್ಯಾಥೋಡ್, ಅಂದರೆ ಕಿರಣ ಹೊರಡುವ ತುದಿಯ, ವೋಲ್ಟೇಜ್ ಅಳೆದು ಒಂದಕ್ಕೊಂದು ಹೋಲಿಸಲಿ. ಒಂದು ಉಳಿದೆರಡಕ್ಕಿಂತ ಬಹಳ ಮೇಲಿದ್ದರೆ ಆ ಬಣ್ಣ ಮುಚ್ಚಿಹೋಗಿರುತ್ತದೆ. ಬಹಳ ಕೆಳಗಿದ್ದರೆ ಅದೇ ಬಣ್ಣ ಪರದೆ ತುಂಬ ಉಕ್ಕಿ, ಓರೆಯಾದ ಸಣ್ಣ ಗೆರೆಗಳೂ ಕಾಣುತ್ತವೆ. ಹೆಚ್ಚಿನ ಸಲ ಔಟ್‌ಪುಟ್ ಟ್ರಾನ್ಸಿಸ್ಟರ್ ಕೆಟ್ಟಿರುತ್ತದೆ, ಇಲ್ಲವೆ ಅದರ ಕಾಲಿನ ಸೋಲ್ಡರ್ ಬಿಟ್ಟಿರುತ್ತದೆ. ನಮ್ಮ ಬಿಸಿಲಿಗೆ, ಟಿವಿಯೊಳಗಿನ ಸೆಕೆಗೆ, ಹಳೆಯ ಸೋಲ್ಡರ್ ಉಂಗುರದಂತೆ ಬಿರುಕು ಬಿಡುತ್ತದೆ. ಡಬ್ಬಿಗೆ ಮೆಲ್ಲಗೆ ತಟ್ಟಿದಾಗ ಬಣ್ಣ ಹೋಗಿ ಬಂದು ಮಾಡಿದರೆ ಮೊದಲ ಅನುಮಾನ ಅದರ ಮೇಲೆಯೇ. ವೋಲ್ಟೇಜ್ ಮೂರೂ ಕಡೆ ಸರಿಯಿದ್ದು, ಬೆಳಿಗ್ಗೆ ಒಂದು ಬಣ್ಣ ಮಾತ್ರ ಹತ್ತು ನಿಮಿಷ ತಡವಾಗಿ ಏಳುತ್ತಿದ್ದರೆ ಮಾತ್ರ ಟ್ಯೂಬ್ ಮುಪ್ಪಾಗಿದೆ ಅನ್ನಬಹುದು.

ಉಳಿದ ತೊಂದರೆಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಚಿತ್ರ ಹೋಗಿ ನಡುವೆ ಅಡ್ಡ ಒಂದೇ ಬೆಳಕಿನ ಗೆರೆ ಉಳಿದರೆ ಚಿತ್ರವನ್ನು ಮೇಲೆ-ಕೆಳಗೆ ಹರಡುವ ವರ್ಟಿಕಲ್ ಭಾಗ ಕೆಟ್ಟಿದೆ. ಕೂಡಲೇ ಬ್ರೈಟ್‌ನೆಸ್ ಇಳಿಸಿ ಬಂದ್ ಮಾಡಿ, ಇಲ್ಲದಿದ್ದರೆ ಆ ಗೆರೆ ಪರದೆಯ ಹೊಳೆಯುವ ಲೇಪವನ್ನು ಸುಟ್ಟು ಶಾಶ್ವತ ಕಲೆ ಮಾಡುತ್ತದೆ. ಚಿತ್ರ ಎಡಬಲಕ್ಕೆ ಕುಗ್ಗಿದ್ದರೆ ಪವರ್ ಸಪ್ಲೈ ನೋಡಬೇಕು, ಒಣಗಿದ ಕೆಪಾಸಿಟರ್ ಅಲ್ಲಿ ಸಾಮಾನ್ಯ. ಚುಕ್ಕಿ ಚುಕ್ಕಿ ಬಂದರೆ ಈಗ ಛಾವಣಿ ಹತ್ತಬೇಕಾಗಿಲ್ಲ, ಸೆಟ್‌ಟಾಪ್ ಬಾಕ್ಸಿನಿಂದ ಬರುವ ವೈರಿನ ಪಿನ್ನನ್ನು ಅಲುಗಾಡಿಸಿ ನೋಡಿ.

ಒಂದು ಕಾಲಕ್ಕೆ ಛಾವಣಿಯೇ ಟಿವಿಯ ಅರ್ಧ ಜೀವವಾಗಿತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ; ನಮ್ಮ ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳು 1975ರ ಆಗಸ್ಟಿನಲ್ಲೇ ಸೈಟ್ ಎಂಬ ಉಪಗ್ರಹ-ಟಿವಿ ಪ್ರಯೋಗದಡಿ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಕಪ್ಪು-ಬಿಳುಪು ಚಿತ್ರ ಪಡೆದಿದ್ದವು. ಕೋಳಿ ಜಾಲರಿ ಬಿಗಿದ 10 ಅಡಿಯ ಛತ್ರಿಯಂಥ ಆಂಟೆನಾ, ಅದರ ಕೆಳಗೆ ಊರಿಗೆಲ್ಲ ಒಂದು ಟಿವಿ. ದೇಶಕ್ಕೆ ಬಣ್ಣ ಬಂದದ್ದು 1982ರಲ್ಲಿ. ಬೆಂಗಳೂರಿಗಿಂತ ಮೊದಲೇ ನಮ್ಮ ಹಳ್ಳಿಗಳು ಟಿವಿ ಕಂಡವು ಎಂದು ಹೇಳುವಾಗ ನನಗೆ ಇವತ್ತಿಗೂ ಹೆಮ್ಮೆ.

ಇನ್ನು ತಾಯಿಯವರ ಹಸಿರು. ಬಣ್ಣ ಇಳಿಸಿದೆ, ಬಲ ಮೂಲೆಯ ಹಸಿರು ಹಾಗೇ ಉಳಿಯಿತು. ಅಂದರೆ ಡಿಕೋಡರ್ ಅಲ್ಲ. ಗನ್ ಕೆಟ್ಟಿದ್ದರೆ ಪರದೆಯ ಉದ್ದಗಲಕ್ಕೂ ಕೆಡಬೇಕಿತ್ತು, ಇಲ್ಲಿ ನಡುಭಾಗ ಸ್ವಚ್ಛ ಇತ್ತು. ಪರದೆಯ ಹಿಂದೆ ಜರಡಿಯಂಥ ತೆಳು ಉಕ್ಕಿನ ಹಾಳೆ ಇರುತ್ತದೆ. ಅದರ ತೂತುಗಳ ಮೂಲಕವೇ ಪ್ರತಿ ಗನ್ನಿನ ಕಿರಣ ತನ್ನ ಬಣ್ಣದ ಚುಕ್ಕಿಗೆ ತಾಗುತ್ತದೆ. ಆ ಹಾಳೆಗೆ ಅಯಸ್ಕಾಂತದ ಗುಣ ಹತ್ತಿದರೆ ಕಿರಣ ವಾಲಿ ಪಕ್ಕದ ಚುಕ್ಕಿಗೆ ಬೀಳುತ್ತದೆ. ‘ತಾಯಿ, ಟಿವಿ ಬಲಕ್ಕ ಏನ್ ಇಟ್ಟೀರಿ?’ ಎಂದು ಕೇಳಿದೆ. ಮೊಮ್ಮಗ ದೊಡ್ಡ ವೂಫರ್ ತಂದು ಟಿವಿಗೆ ಒತ್ತಿ ಇಟ್ಟಿದ್ದನಂತೆ.

ಆದರೂ ಒಂದು ಸಂಶಯ ಉಳಿದಿತ್ತು. ತಣ್ಣಗಿದ್ದ ಟಿವಿಯನ್ನು ಹಚ್ಚಿದಾಗ ಟ್ಯೂಬಿನ ಸುತ್ತ ಇರುವ ಡಿಗಾಸಿಂಗ್ ಕಾಯಿಲಿನಲ್ಲಿ ಕೆಲವು ಕ್ಷಣ ಕರೆಂಟ್ ಹರಿದು ಈ ಅಯಸ್ಕಾಂತವನ್ನು ತಾನೇ ಅಳಿಸುತ್ತದೆ. ಆಗ ‘ಧುಮ್’ ಎಂಬ ಸದ್ದು ಬರುತ್ತದೆ. ಇಲ್ಲಿ ಆ ಸದ್ದೇ ಇರಲಿಲ್ಲ. ಆ ಕರೆಂಟನ್ನು ಬಿಟ್ಟು, ಬಿಸಿಯಾಗಿ, ಮತ್ತೆ ತಡೆಯುವ ಪೋಸಿಸ್ಟರ್ ಸತ್ತಿತ್ತು.

ಡಬ್ಬಿ ಬಿಚ್ಚುವ ಮೊದಲು ಒಂದು ಮಾತು, ದಯವಿಟ್ಟು ಗಮನವಿಟ್ಟು ಕೇಳಿ. ಮನೆಯವರು ಬಿಚ್ಚಲೇಬೇಡಿ. ಕಲರ್ ಟ್ಯೂಬಿಗೆ ಸುಮಾರು 25,000 ವೋಲ್ಟ್ ಬೇಕು, ಪ್ಲಗ್ ಕಿತ್ತ ಮೇಲೂ ಅದು ಗಾಜಿನಲ್ಲಿ ಉಳಿದಿರುತ್ತದೆ. ಪವರ್ ಸಪ್ಲೈಯ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನ ಮೇಲೆ ಇರುತ್ತದೆ. ಕೆಲಸ ಕಲಿಯುತ್ತಿರುವ ಹುಡುಗರೇ, ಪ್ಲಗ್ ಕಿತ್ತು, ಸ್ಕ್ರೂಡ್ರೈವರಿಗೆ ಕಟ್ಟಿದ ವೈರನ್ನು ಟ್ಯೂಬಿನ ಬೆನ್ನ ಮೇಲಿನ ಹೆಣೆದ ತಂತಿಗೆ ಹಚ್ಚಿ, ಸ್ಕ್ರೂಡ್ರೈವರಿನ ಮೊನೆಯನ್ನು ಟ್ಯೂಬಿಗೆ ಹೈವೋಲ್ಟೇಜ್ ವೈರ್ ಸೇರುವ ರಬ್ಬರ್ ಟೊಪ್ಪಿಗೆಯ ಕೆಳಗೆ ತೂರಿಸಿ ಚಾರ್ಜ್ ಇಳಿಸಿರಿ. ಸ್ವಲ್ಪ ತಡೆದು ಇನ್ನೊಮ್ಮೆ ಇಳಿಸಿರಿ, ಗಾಜು ತುಸು ಚಾರ್ಜನ್ನು ಮತ್ತೆ ಹೊರಹಾಕುತ್ತದೆ. ಅವಸರದಲ್ಲಿ ಒಮ್ಮೆ ಇದನ್ನು ಬಿಟ್ಟು ನಾನು ಗೋಡೆಗೆ ಹೋಗಿ ಬಿದ್ದಿದ್ದೇನೆ.

ಪೋಸಿಸ್ಟರ್ ಬದಲಿಸಿದೆ. ಹತ್ತಿದ್ದ ಅಯಸ್ಕಾಂತ ಬಲವಾಗಿದ್ದರಿಂದ ಟಿವಿ ಹಚ್ಚಿ, ಕೈಯಲ್ಲಿ ಹಿಡಿದು ಅಯಸ್ಕಾಂತ ಅಳಿಸುವ ಕಾಯಿಲನ್ನೂ ಪರದೆಯ ಮುಂದೆ ಸುತ್ತು ಸುತ್ತಾಗಿ ಆಡಿಸಿದೆ. ಹಾಗೇ ಆಡಿಸುತ್ತ ಆರೇಳು ಅಡಿ ಹಿಂದೆ ಸರಿದು ಆಮೇಲೆಯೇ ಕಾಯಿಲ್ ಬಂದ್ ಮಾಡಿದೆ. ಹತ್ತಿರದಲ್ಲೇ ಬಂದ್ ಮಾಡಿದರೆ ಕಲೆ ಇಮ್ಮಡಿಯಾಗುತ್ತದೆ. ಬಳಿಕ ಟಿವಿಯನ್ನೂ ಬಂದ್ ಮಾಡಿ, ತಾಯಿಗೆ ಚಹಾ ತರಿಸಿ, ಪೋಸಿಸ್ಟರ್ ತಣ್ಣಗಾಗಲಿ ಎಂದು ಅರ್ಧ ಗಂಟೆ ಕಾದೆ. ಮತ್ತೆ ಸ್ವಿಚ್ ಒತ್ತಿದಾಗ ‘ಧುಮ್’ ಎಂದಿತು. ಚಿತ್ರ ಇನ್ನೂ ಮೂಡಿರಲಿಲ್ಲ, ತಾಯಿ ಚಹಾದ ಕಪ್ಪು ಕೆಳಗಿಟ್ಟರು. ‘ಇದs ಸಪ್ಪಳ ನೋಡಪಾ, ಮೊದ್ಲು ದಿನಾ ಬರ್ತಿತ್ತು!’